ಐವತ್ತು ಸೆಕೆಂಡಿಗೆ ಏಳು ವರ್ಷ: ಜೋಸೆಫ್ ಸ್ಕೂಲಿಂಗ್ ಪ್ರಕರಣ

2013ರಲ್ಲಿ ಸಿಂಗಪುರದ ರಕ್ಷಣಾ ಸಚಿವಾಲಯಕ್ಕೆ ಒಂದು ಮನವಿ ಬಂತು. ಹದಿನೆಂಟು ತುಂಬಿದ ತಮ್ಮ ಮಗನ ಸೇನಾ ಸೇವೆಯನ್ನು ಮುಂದೂಡಬೇಕೆಂದು ಹೆತ್ತವರು ಕೇಳಿಕೊಂಡಿದ್ದರು. ಆ ದೇಶದಲ್ಲಿ ಇದು ಸಣ್ಣ ಕೋರಿಕೆಯಲ್ಲ. ಅಲ್ಲಿನ ಗಂಡುಮಕ್ಕಳು ಹದಿನೆಂಟರ ಆಸುಪಾಸಿನಲ್ಲಿ ಎರಡು ವರ್ಷ ಪೂರ್ಣಾವಧಿ ಸೇವೆ ಸಲ್ಲಿಸಲೇಬೇಕು. ಬಡವ ಬಲ್ಲಿದ ಎನ್ನದೆ ಎಲ್ಲರಿಗೂ ಒಂದೇ ನಿಯಮ ಎಂಬ ನಂಬಿಕೆಯ ಮೇಲೆ ಆ ವ್ಯವಸ್ಥೆ ನಿಂತಿದೆ. ಒಬ್ಬನಿಗೆ ಬಾಗಿಲು ತೆರೆದರೆ ನಾಳೆ ನೂರು ಮಂದಿ ಬಂದು ನಿಲ್ಲುತ್ತಾರೆ ಎಂಬ ಅಂಜಿಕೆ ಸರ್ಕಾರಕ್ಕೆ ಇದ್ದೇ ಇರುತ್ತದೆ.

ಹುಡುಗನ ಹೆಸರು ಜೋಸೆಫ್ ಸ್ಕೂಲಿಂಗ್. ಅವನು ಬಟರ್‌ಫ್ಲೈ ಈಜುಗಾರ, ಅಂದರೆ ಎರಡೂ ಕೈಗಳನ್ನು ಒಟ್ಟಿಗೆ ನೀರಿನ ಮೇಲಿಂದ ಬೀಸಿ ಈಜುವವನು. ಆಗ ಅವನ ಕೈಯಲ್ಲಿ ಒಲಿಂಪಿಕ್ ಪದಕವಿರಲಿಲ್ಲ, ವಿಶ್ವ ಚಾಂಪಿಯನ್‌ಷಿಪ್ ಪದಕವೂ ಇರಲಿಲ್ಲ. ಅದೇ ಅಕ್ಟೋಬರಿನಲ್ಲಿ ಸಚಿವಾಲಯ 2016ರ ರಿಯೊ ಒಲಿಂಪಿಕ್ಸ್ ಮುಗಿಯುವವರೆಗೆ ಅವಧಿ ಕೊಟ್ಟಿತು. ಮೂರು ವರ್ಷದ ನಂತರ ಅದೇ ಹುಡುಗ 100 ಮೀಟರ್ ಬಟರ್‌ಫ್ಲೈಯನ್ನು 50.39 ಸೆಕೆಂಡಿನಲ್ಲಿ ಈಜಿ, ಮೈಕೆಲ್ ಫೆಲ್ಪ್ಸ್ ಅವರನ್ನು ಹಿಂದೆ ಹಾಕಿ, ಸಿಂಗಪುರಕ್ಕೆ ಅದರ ಇತಿಹಾಸದ ಮೊದಲ ಒಲಿಂಪಿಕ್ ಚಿನ್ನ ತಂದ. ಇನ್ನೈದು ವರ್ಷ ಕಳೆದು ಟೋಕಿಯೊದಲ್ಲಿ ಅದೇ ಸ್ಪರ್ಧೆಯ ಹೀಟ್ಸ್ ಎಂಬ ಆರಂಭಿಕ ಸುತ್ತಿನಲ್ಲಿ 53.12 ಸೆಕೆಂಡಿನೊಂದಿಗೆ ತನ್ನ ಗುಂಪಿನ ಕೊನೆಯವನಾಗಿ ಗೋಡೆ ಮುಟ್ಟಿದ.

ಈ ಏರಿಳಿತವನ್ನು ಬಹಳ ಮಂದಿ ಪ್ರತಿಭೆ ಮತ್ತು ಶಿಸ್ತಿನ ಕತೆಯಾಗಿ ಓದುತ್ತಾರೆ. ಗೆದ್ದಾಗ ಛಲ ಎನ್ನುತ್ತಾರೆ, ಸೋತಾಗ ಅಹಂಕಾರ ಎನ್ನುತ್ತಾರೆ. ನಾನು ಹಾಗೆ ಓದುವುದಿಲ್ಲ. ಹದಿನಾಲ್ಕರಿಂದ ಇಪ್ಪತ್ತೊಂದರವರೆಗೆ ಏಳು ವರ್ಷ ಅವರ ತಾಲೀಮಿಗೆ ಎಲ್ಲಿಯೂ ಕಡಿತ ಬೀಳಲಿಲ್ಲ. ಹಾಗೆ ಬೀಳದಂತೆ ಮನೆಯವರು, ಒಂದು ಶಾಲೆ, ಒಂದು ವಿಶ್ವವಿದ್ಯಾಲಯ, ಕೊನೆಗೆ ಒಂದು ಸಚಿವಾಲಯವೂ ಕೈಜೋಡಿಸಿದವು. ಆ ಏರ್ಪಾಡು ಸಡಿಲವಾದ ಮೇಲೆ ಸಮಯವೂ ಸಡಿಲವಾಯಿತು. ವಿದೇಶದಿಂದ ಬಂದು ಅಮೆರಿಕದ ಕಾಲೇಜಿನಲ್ಲಿ ಈಜುವ ಹುಡುಗರ ಬದುಕನ್ನು ಅರಿಯಲು ಇದಕ್ಕಿಂತ ಒಳ್ಳೆಯ ಪ್ರಕರಣ ನನಗೆ ಗೊತ್ತಿಲ್ಲ.

ಜಾಕ್ಸನ್‌ವಿಲ್‌ವರೆಗೆ

ಸ್ಕೂಲಿಂಗ್ ಹುಟ್ಟಿದ್ದು 1995ರ ಜೂನ್ 16ರಂದು. ತಂದೆ ಕಾಲಿನ್, ತಾಯಿ ಮೇ, ಒಬ್ಬನೇ ಮಗ. ಮನೆಯಲ್ಲಿ ಒಲಿಂಪಿಕ್ಸ್ ದೂರದ ಮಾತಾಗಿರಲಿಲ್ಲ. ಅಜ್ಜನ ತಲೆಮಾರಿನ ಬಂಧು ಲಾಯ್ಡ್ ವಾಲ್ಬರ್ಗ್ 1948ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಎತ್ತರ ಜಿಗಿತಕ್ಕಿಳಿದು ಸಿಂಗಪುರದ ಮೊದಲ ಒಲಿಂಪಿಯನ್ ಎನಿಸಿದ್ದರು. 2008ರಲ್ಲಿ ಬೀಜಿಂಗ್‌ಗೆ ಹೊರಟ ಅಮೆರಿಕದ ಈಜು ತಂಡ ಸಿಂಗಪುರದಲ್ಲಿ ತಂಗಿ ಅಭ್ಯಾಸ ಮಾಡಿತು. ಆಗ ಹದಿಮೂರರ ಹುಡುಗ ಕನ್ನಡಕ ಹಾಕಿಕೊಂಡು ಫೆಲ್ಪ್ಸ್ ಪಕ್ಕ ನಿಂತು ತೆಗೆಸಿಕೊಂಡ ಚಿತ್ರ ಎಂಟು ವರ್ಷದ ನಂತರ ಜಗತ್ತಿನ ಎಲ್ಲ ಪತ್ರಿಕೆಗಳಲ್ಲೂ ಅಚ್ಚಾಯಿತು. ಆ ಚಿತ್ರದ ಸೊಗಸನ್ನು ಅಲ್ಲಗಳೆಯುವುದಿಲ್ಲ. ಆದರೆ ಅಂಥ ಚಿತ್ರ ಅಂದು ಎಷ್ಟೋ ಮಕ್ಕಳು ತೆಗೆಸಿಕೊಂಡಿದ್ದಿರಬೇಕು. ವ್ಯತ್ಯಾಸವಾದದ್ದು ಮರುವರ್ಷ.

2009ರಲ್ಲಿ ಹುಡುಗನನ್ನು ಅಮೆರಿಕದ ಫ್ಲಾರಿಡಾ ರಾಜ್ಯದ ಜಾಕ್ಸನ್‌ವಿಲ್‌ನಲ್ಲಿರುವ ಬೋಲ್ಸ್ ಶಾಲೆಗೆ ಸೇರಿಸಿದರು. ಅದು ವಸತಿ ಸೌಲಭ್ಯವಿರುವ ಖಾಸಗಿ ಶಾಲೆ, ಈಜಿಗೆ ಹೆಸರಾದದ್ದು. ಅಲ್ಲಿನ ಕೋಚ್ ಸರ್ಜಿಯೊ ಲೋಪೆಜ್ 1988ರ ಸಿಯೋಲ್ ಒಲಿಂಪಿಕ್ಸ್‌ನಲ್ಲಿ ಸ್ಪೇನ್ ಪರವಾಗಿ 200 ಮೀಟರ್ ಬ್ರೆಸ್ಟ್‌ಸ್ಟ್ರೋಕ್‌ನಲ್ಲಿ ಕಂಚು ಗೆದ್ದವರು. ಅದೇ ಸಿಯೋಲ್‌ನಲ್ಲಿ 100 ಮೀಟರ್ ಬಟರ್‌ಫ್ಲೈ ಗೆದ್ದವರು ಸುರಿನಾಮ್‌ನ ಆಂಟನಿ ನೆಸ್ಟಿ. ಅಮೆರಿಕದ ಮ್ಯಾಟ್ ಬಿಯಾಂಡಿಯನ್ನು ಸೆಕೆಂಡಿನ ನೂರನೇ ಒಂದು ಭಾಗದ ಅಂತರದಲ್ಲಿ ಸೋಲಿಸಿ, ತಮ್ಮ ದೇಶಕ್ಕೆ ಮೊದಲ ಒಲಿಂಪಿಕ್ ಪದಕ ತಂದವರು. ನೆಸ್ಟಿಯೂ ಬೋಲ್ಸ್ ಶಾಲೆಯ ಹುಡುಗನೇ. ಸಣ್ಣ ದೇಶದ ಬಟರ್‌ಫ್ಲೈ ಈಜುಗಾರನೊಬ್ಬ ಒಲಿಂಪಿಕ್ ಚಾಂಪಿಯನ್ ಆಗುವುದನ್ನು ಆ ಶಾಲೆ ಒಮ್ಮೆ ಕಂಡಿತ್ತು. ಸ್ಕೂಲಿಂಗ್ ಜೊತೆಗೆ ಅಲ್ಲಿ ಓದಿದವರಲ್ಲಿ ರಯಾನ್ ಮರ್ಫಿಯೂ ಒಬ್ಬರು. ರಿಯೊದಲ್ಲಿ 100 ಮತ್ತು 200 ಮೀಟರ್ ಬ್ಯಾಕ್‌ಸ್ಟ್ರೋಕ್ ಎರಡೂ ಚಿನ್ನ ಅವರದು. ಒಂದೇ ಕೊಳದಲ್ಲಿ ಬೆಳಗ್ಗೆ ಸಂಜೆ ಬೆವರಿಳಿಸುತ್ತಿದ್ದ ಹುಡುಗರಲ್ಲಿ ಇಬ್ಬರು ಮುಂದೆ ಒಂದೇ ಒಲಿಂಪಿಕ್ಸ್‌ನ ವೈಯಕ್ತಿಕ ಚಾಂಪಿಯನ್ನರಾದರು.

ಇದಕ್ಕೆ ಹಣ ಸುರಿದವರು ಹೆತ್ತವರು. ಸಿಂಗಪುರದ ಕ್ರೀಡಾ ವಿದ್ಯಾರ್ಥಿವೇತನ ಆಮೇಲೆ ಜೊತೆಯಾಯಿತು; ಆರಂಭದ ವರ್ಷಗಳ ಶಾಲಾ ಶುಲ್ಕ, ಪ್ರಯಾಣ, ತರಬೇತಿಯ ಭಾರ ಮನೆಯದೇ ಆಗಿತ್ತು. ತಾಯಿ ಎರಡು ಖಂಡಗಳ ನಡುವೆ ಓಡಾಡಿದರು. ರಾಷ್ಟ್ರದ ಪದಕ ಎಂದು ನಾವು ಕರೆಯುವುದರ ಮೊದಲ ಕಂತನ್ನು ಒಂದು ಕುಟುಂಬ ಕಟ್ಟಿತ್ತು. ಹಾಗೆ ಕಟ್ಟಲಾಗದ ಮನೆಯ ಮಕ್ಕಳ ಗತಿ ಏನು ಎಂಬ ಪ್ರಶ್ನೆ ಈ ಪ್ರಕರಣದಲ್ಲಿ ಉದ್ದಕ್ಕೂ ಇದೆ.

2012ರ ಲಂಡನ್ ಒಲಿಂಪಿಕ್ಸ್‌ನಲ್ಲಿ ಅವನಿಗೆ ಹದಿನೇಳು. 200 ಮೀಟರ್ ಬಟರ್‌ಫ್ಲೈ ಹೀಟ್ಸ್‌ಗೆ ಮುನ್ನ, ಹಾಕಿಕೊಂಡಿದ್ದ ಟೋಪಿ ಮತ್ತು ಗಾಗಲ್ಸ್ ಅನುಮೋದಿತ ಪಟ್ಟಿಯಲ್ಲಿಲ್ಲ ಎಂದು ಅಧಿಕಾರಿಗಳು ತಡೆದರು. ಕೊನೆಯ ಗಳಿಗೆಯಲ್ಲಿ ಬೇರೆಯವನ್ನು ಹೊಂದಿಸಿಕೊಂಡು ನೀರಿಗಿಳಿದ ಹುಡುಗ ತನ್ನದೇ ಉತ್ತಮ ಸಮಯಕ್ಕಿಂತ ತುಂಬ ನಿಧಾನವಾಗಿ ಈಜಿ ಹೊರಬಿದ್ದ. ಈಜಿನಲ್ಲಿ ಗಾಗಲ್ಸ್ ಸಣ್ಣ ವಸ್ತುವಲ್ಲ. ರಬ್ಬರಿನ ಬಿಗಿ ಒಂದಿಷ್ಟು ಆಚೀಚೆಯಾದರೆ ಧುಮುಕಿದ ಕೂಡಲೇ ನೀರು ಒಳನುಗ್ಗುತ್ತದೆ, ಮುಂದಿನ ಇನ್ನೂರು ಮೀಟರ್ ಗೋಡೆ ಎಲ್ಲಿದೆ ಎಂದು ಅಂದಾಜಿನ ಮೇಲೆ ಈಜಬೇಕಾಗುತ್ತದೆ. ಅಂಥ ವಿವರಗಳನ್ನು ಸಾವಿರ ಸಲ ತಪಾಸಣೆ ಮಾಡಿದ ತಂಡದ ಜೊತೆ ಹೋಗುವುದಕ್ಕೂ ಅನುಭವ ಕಡಿಮೆಯಿರುವ ತಂಡದ ಜೊತೆ ಹೋಗುವುದಕ್ಕೂ ಇರುವ ಅಂತರ ಅಂದು ಕಣ್ಣಿಗೆ ಬಿತ್ತು.

ಮುಂದೂಡಿಕೆ

ಮತ್ತೆ 2013ಕ್ಕೆ ಬರೋಣ. ಸೇವೆಗೆ ಹೋಗಿದ್ದರೆ ಏನಾಗುತ್ತಿತ್ತು? ಹದಿನೆಂಟರಿಂದ ಇಪ್ಪತ್ತರವರೆಗೆ ದೇಹ ಗಟ್ಟಿಯಾಗುವ ಕಾಲ. ಬಟರ್‌ಫ್ಲೈ ಈಜುಗಾರನಿಗೆ ಭುಜ, ಬೆನ್ನು, ಸೊಂಟದ ಬಲ ಕೂಡಿಬರುವುದು ಆಗಲೇ. ಈಜಿನಲ್ಲಿ ಮತ್ತೊಂದು ತೊಡಕು ಇದೆ: ಕೆಲವೇ ವಾರ ನೀರಿನಿಂದ ದೂರವಿದ್ದರೂ ಅಂಗೈಗೆ ನೀರು ಸಿಕ್ಕುವ ಹದ ತಪ್ಪುತ್ತದೆ. ಎರಡು ವರ್ಷದ ಬಿಡುವಿನ ನಂತರ ಜಗತ್ತಿನ ಮೊದಲ ಎಂಟರೊಳಗೆ ಬರುವುದು ಹೆಚ್ಚುಕಡಿಮೆ ಆಗದ ಮಾತು. ಅಮೆರಿಕದ ಕಾಲೇಜುಗಳೂ ಕಾಯುವುದಿಲ್ಲ. ಅವು ಪ್ರತಿ ಬೇಸಿಗೆಯಲ್ಲಿ ಹೊಸಬರನ್ನು ಆರಿಸುತ್ತವೆ; ತಂಡದಲ್ಲಿನ ಜಾಗ, ವಿದ್ಯಾರ್ಥಿವೇತನದ ಪಾಲು ಆ ವರ್ಷದ ಲೆಕ್ಕಕ್ಕೆ ಮುಗಿದುಹೋಗುತ್ತದೆ.

ಸಚಿವಾಲಯದ ತೀರ್ಮಾನವನ್ನು ಧೈರ್ಯದ್ದು ಎಂದೇ ನಾನು ಹೇಳುತ್ತೇನೆ. ಪದಕ ಬಂದ ಮೇಲೆ ಬೆನ್ನು ತಟ್ಟುವುದು ಸುಲಭ. ಪದಕ ಇಲ್ಲದವನಿಗೆ, ಮೂರು ವರ್ಷ ಮುಂಚೆ, ದೇಶದ ಅತ್ಯಂತ ಕಟ್ಟುನಿಟ್ಟಿನ ನಿಯಮದಲ್ಲಿ ಅವಧಿ ಕೊಡುವುದು ಸುಲಭವಲ್ಲ. ಮರುವರ್ಷವೇ ಫಲ ಕಾಣತೊಡಗಿತು. 2014ರ ಗ್ಲಾಸ್ಗೊ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ. ಇಂಚಿಯಾನ್ ಏಷ್ಯನ್ ಕ್ರೀಡಾಕೂಟದಲ್ಲಿ 51.76 ಸೆಕೆಂಡಿನೊಂದಿಗೆ ಚಿನ್ನ. ಸಿಂಗಪುರದ ಪುರುಷ ಈಜುಗಾರನೊಬ್ಬ ಏಷ್ಯನ್ ಚಿನ್ನ ಗೆದ್ದು ಆಗ 32 ವರ್ಷವಾಗಿತ್ತು. ಅದಕ್ಕೆ ಹಿಂದಿನ ಚಿನ್ನ 1982ರಲ್ಲಿ ನಮ್ಮ ದೆಹಲಿಯಲ್ಲಿ ಆಂಗ್ ಪೆಂಗ್ ಸಿಯಾಂಗ್ ಗೆದ್ದದ್ದು. ಆಂಗ್ ಕೂಡ ಅಮೆರಿಕದ ಹ್ಯೂಸ್ಟನ್ ವಿಶ್ವವಿದ್ಯಾಲಯದಲ್ಲಿ ಓದಿ ಈಜಿದವರು. ಎರಡು ಚಿನ್ನಗಳಿಗೂ ಅಮೆರಿಕದ ಕೊಳದ ಋಣ ಇದೆ.

ಆಸ್ಟಿನ್‌ನ ಕೊಳ

2014ರಲ್ಲಿ ಸ್ಕೂಲಿಂಗ್ ಆಸ್ಟಿನ್‌ನಲ್ಲಿರುವ ಟೆಕ್ಸಾಸ್ ವಿಶ್ವವಿದ್ಯಾಲಯ ಸೇರಿದರು. ಕೋಚ್ ಎಡ್ಡಿ ರೀಸ್ 1978ರಿಂದ ಅಲ್ಲಿನ ಪುರುಷರ ತಂಡವನ್ನು ಬೆಳೆಸಿದವರು, 1992, 2004 ಮತ್ತು 2008ರ ಒಲಿಂಪಿಕ್ಸ್‌ಗಳಲ್ಲಿ ಅಮೆರಿಕದ ಪುರುಷರ ತಂಡದ ಮುಖ್ಯ ಕೋಚ್ ಆಗಿದ್ದವರು.

ಅಮೆರಿಕದ ಕಾಲೇಜು ಈಜು ಹೇಗೆ ನಡೆಯುತ್ತದೆ ಎಂಬುದನ್ನು ಇಲ್ಲಿ ಸ್ವಲ್ಪ ನಿಂತು ನೋಡಬೇಕು. ಅಲ್ಲಿನ ಕಾಲೇಜು ಕ್ರೀಡೆಗಳನ್ನು ನಡೆಸುವ ಎನ್‌ಸಿಎಎ ಸಂಸ್ಥೆಯ ರಾಷ್ಟ್ರೀಯ ಕೂಟ ಮಾರ್ಚ್ ತಿಂಗಳಲ್ಲಿ ಬರುತ್ತದೆ. ಕೊಳದ ಉದ್ದ 25 ಗಜ, ಅಂದರೆ 22.86 ಮೀಟರ್. ಒಲಿಂಪಿಕ್ ಕೊಳ 50 ಮೀಟರ್. ಈ ವ್ಯತ್ಯಾಸ ಬರೀ ಅಳತೆಯದಲ್ಲ, ಸ್ಪರ್ಧೆಯ ಸ್ವಭಾವವೇ ಬದಲಾಗುತ್ತದೆ. ನೂರು ಗಜದ ಬಟರ್‌ಫ್ಲೈನಲ್ಲಿ ಮೂರು ಟರ್ನ್, ಅಂದರೆ ಗೋಡೆ ಮುಟ್ಟಿ ಒದ್ದು ಮೂರು ಸಲ ಹಿಂತಿರುಗುವುದು. ಒಲಿಂಪಿಕ್ ಕೊಳದ ನೂರು ಮೀಟರ್‌ನಲ್ಲಿ ಒಂದೇ ಟರ್ನ್. ಧುಮುಕಿದ ಮೇಲೆ ಮತ್ತು ಪ್ರತಿ ಟರ್ನ್ ಆದ ಮೇಲೆ ಈಜುಗಾರ 15 ಮೀಟರ್‌ವರೆಗೆ ನೀರಿನಡಿಯಲ್ಲೇ ಸಾಗಬಹುದು. ಕೈ ಎರಡನ್ನೂ ಮುಂದೆ ಚಾಚಿ, ಒಂದರ ಮೇಲೊಂದು ಅಂಗೈ ಇಟ್ಟು, ತಲೆಯನ್ನು ತೋಳುಗಳ ನಡುವೆ ಹುದುಗಿಸಿ, ಎದೆಯಿಂದ ಕಾಲ್ಬೆರಳಿನವರೆಗೆ ಇಡೀ ಮೈಯನ್ನು ಮೇಲೆ ಕೆಳಗೆ ಆಡಿಸುವ ಈ ಚಲನೆಗೆ ಡಾಲ್ಫಿನ್ ಕಿಕ್ ಎಂದು ಹೆಸರು. ನೀರಿನ ಮೇಲ್ಮೈಯಲ್ಲಿ ಎದುರಾಗುವ ಅಲೆಯ ತಡೆ ಅಡಿಯಲ್ಲಿ ಕಡಿಮೆ. ಆದ್ದರಿಂದ ಇದನ್ನು ಕರಗತ ಮಾಡಿಕೊಂಡವನು ಕೈ ಬೀಸುವವನಿಗಿಂತ ಬೇಗ ಸಾಗುತ್ತಾನೆ. ಲೆಕ್ಕ ಹಾಕಿ ನೋಡಿ: ನೂರು ಗಜ ಅಂದರೆ 91.44 ಮೀಟರ್, ಅದರಲ್ಲಿ ಗರಿಷ್ಠ 60 ಮೀಟರ್ ನೀರಿನಡಿಯಲ್ಲಿ ಹೋಗಬಹುದು. ಒಲಿಂಪಿಕ್ ಕೊಳದಲ್ಲಿ ನೂರಕ್ಕೆ 30 ಮೀಟರ್ ಮಾತ್ರ. ಕಾಲೇಜು ಕೊಳದಲ್ಲಿ ವರ್ಷಗಟ್ಟಲೆ ಪಳಗಿದವನ ಟರ್ನ್ ಚೂಪಾಗುತ್ತದೆ, ಉಸಿರು ಹಿಡಿದು ಕಾಲು ಬಡಿಯುವ ತಾಕತ್ತು ಬೆಳೆಯುತ್ತದೆ. ಆದರೆ ಒಲಿಂಪಿಕ್ ಕೊಳದ ಕೊನೆಯ ಇಪ್ಪತ್ತೈದು ಮೀಟರ್ ಬೇರೆಯೇ ಪರೀಕ್ಷೆ. ಅಲ್ಲಿ ಒದ್ದು ಮುಂದೆ ಚಿಮ್ಮಲು ಗೋಡೆ ಸಿಕ್ಕುವುದಿಲ್ಲ, ತೋಳು ಸೀಸದಂತೆ ಭಾರವಾದರೂ ಬೀಸುತ್ತಲೇ ಇರಬೇಕು. ಎರಡಕ್ಕೂ ಹದವಾಗಿ ತಯಾರು ಮಾಡುವುದೇ ಕಾಲೇಜು ಕೋಚ್‌ನ ಹೆಚ್ಚುಗಾರಿಕೆ.

ನಿಯಮದ ಪ್ರಕಾರ ಋತುವಿನಲ್ಲಿ ವಾರಕ್ಕೆ 20 ಗಂಟೆಗಿಂತ ಹೆಚ್ಚು ಕಡ್ಡಾಯ ತಾಲೀಮು ಮಾಡಿಸುವಂತಿಲ್ಲ. ತರಗತಿಗೆ ಹಾಜರಾಗಬೇಕು, ಅಂಕ ತೆಗೆಯಬೇಕು, ಇಲ್ಲದಿದ್ದರೆ ತಂಡದಿಂದ ಹೊರಗೆ. ನಮ್ಮಲ್ಲಿ ಹತ್ತನೇ ತರಗತಿ ಬಂದರೆ ಕೊಳ ಬಿಡಿಸುವ ಮನೆಗಳಿವೆ. ಅಲ್ಲಿ ಓದು ಮತ್ತು ಈಜು ಒಂದೇ ಕಚೇರಿಯ ಕೆಳಗೆ ನಡೆಯುತ್ತವೆ. ಇದು ಆ ವ್ಯವಸ್ಥೆಯ ನಿಜವಾದ ಬಲ.

ಇನ್ನೊಂದು ಬಲ ಜೊತೆಗಾರರದು. 2015ರ ಎನ್‌ಸಿಎಎ ಕೂಟದ 100 ಗಜ ಬಟರ್‌ಫ್ಲೈ ಫೈನಲ್‌ನ ಎಂಟು ಲೇನ್‌ಗಳಲ್ಲಿ ಆರು ಲೇನ್ ಟೆಕ್ಸಾಸ್ ಹುಡುಗರದಾಗಿತ್ತು. ಒಂದೇ ವಿಶ್ವವಿದ್ಯಾಲಯದ ಆರು ಮಂದಿ ರಾಷ್ಟ್ರದ ಅಂತಿಮ ಎಂಟರಲ್ಲಿ! ಗೆದ್ದವರು ಮೊದಲ ವರ್ಷದ ವಿದ್ಯಾರ್ಥಿ ಸ್ಕೂಲಿಂಗ್. ಇದರ ಅರ್ಥವನ್ನು ಈಜು ಕಲಿತವರು ತಟ್ಟನೆ ಗ್ರಹಿಸುತ್ತಾರೆ. ಒಂದು ಸಾಧಾರಣ ಮಂಗಳವಾರ, ಬೆಳಗಿನ ಜಾವದ ತಾಲೀಮಿನಲ್ಲಿ, ಪಕ್ಕದ ಲೇನ್‌ನಲ್ಲೇ ರಾಷ್ಟ್ರೀಯ ಫೈನಲಿಸ್ಟ್ ಇರುತ್ತಾನೆ. ಮೈಗಳ್ಳತನಕ್ಕೆ ಆಸ್ಪದವೇ ಇಲ್ಲ. ಜ್ಯಾಕ್ ಕಾಂಗರ್‌ನಂಥ ತಂಡದ ಜೊತೆಗಾರನನ್ನು ವಾರಕ್ಕೆ ಹತ್ತು ಸಲ ಎದುರಿಸಿದವನಿಗೆ ಫೈನಲ್‌ನ ದಿನ ಹೊಸ ಭಯ ಏನಿದ್ದೀತು? ಸಿಂಗಪುರದಲ್ಲಿ ಉಳಿದಿದ್ದರೆ ಅವರ ವೇಗಕ್ಕೆ ಹೆಗಲೆಣೆಯಾಗಿ ಈಜಬಲ್ಲವರು ಪಕ್ಕದ ಲೇನ್‌ನಲ್ಲಿ ಇರುತ್ತಿರಲಿಲ್ಲ. ಹಣ, ವಿಜ್ಞಾನ, ಆಹಾರತಜ್ಞರು ಇವೆಲ್ಲವನ್ನೂ ಶ್ರೀಮಂತ ದೇಶ ಕೊಂಡು ತರಬಲ್ಲದು. ಪಕ್ಕದ ಲೇನ್‌ನ ಹುಡುಗನನ್ನು ಕೊಳ್ಳಲಾಗದು.

ಇಂಚಿಯಾನ್‌ನ 51.76 ಹನ್ನೊಂದು ತಿಂಗಳಲ್ಲಿ ಕಜಾನ್ ವಿಶ್ವ ಚಾಂಪಿಯನ್‌ಷಿಪ್‌ನ 50.96 ಆಯಿತು, ದಕ್ಷಿಣ ಆಫ್ರಿಕಾದ ಚಾಡ್ ಲೆ ಕ್ಲೊ, ಹಂಗೆರಿಯ ಲಾಸ್ಲೊ ಚೆ ನಂತರ ಕಂಚು. 2016ರ ಮಾರ್ಚ್‌ನಲ್ಲಿ ಕಾಲೇಜು ಕೂಟದ 100 ಮತ್ತು 200 ಗಜ ಬಟರ್‌ಫ್ಲೈ ಎರಡನ್ನೂ ಸ್ಕೂಲಿಂಗ್ ಮತ್ತೆ ಗೆದ್ದರು. 2015ರಿಂದ 2018ರವರೆಗೆ, ಅವರು ಅಲ್ಲಿದ್ದ ನಾಲ್ಕೂ ವರ್ಷ, ಟೆಕ್ಸಾಸ್ ತಂಡ ರಾಷ್ಟ್ರೀಯ ಪ್ರಶಸ್ತಿ ಗೆದ್ದಿತು.

ರಿಯೊ, ಆಗಸ್ಟ್ 12

ಹೀಟ್ಸ್‌ನಲ್ಲಿ 51.41. ಸೆಮಿಫೈನಲ್‌ನಲ್ಲಿ 50.83. ಎರಡರಲ್ಲೂ ಎಲ್ಲರಿಗಿಂತ ವೇಗ. ಫೈನಲ್‌ನಲ್ಲಿ ನಾಲ್ಕನೇ ಲೇನ್. ಫೆಲ್ಪ್ಸ್ 2004, 2008 ಮತ್ತು 2012ರಲ್ಲಿ ಈ ಸ್ಪರ್ಧೆಯನ್ನು ಸತತ ಗೆದ್ದಿದ್ದರು, ಕೊನೆಯ ಐವತ್ತು ಮೀಟರ್‌ನಲ್ಲಿ ಹಿಂದಿನಿಂದ ಬಂದು ಗೆಲ್ಲುವುದಕ್ಕೆ ಪ್ರಸಿದ್ಧರು. ಹಾಗಾಗಿ ಅವರನ್ನು ಸೋಲಿಸಬೇಕಾದವನು ಟರ್ನ್‌ಗೆ ಮೊದಲೇ ಮುಂದಿರಬೇಕು, ಆಮೇಲೆ ಕುಸಿಯಲೂಬಾರದು. ಸ್ಕೂಲಿಂಗ್ ಟರ್ನ್‌ನಲ್ಲಿ ಮುಂದಿದ್ದರು. ಅಲ್ಲಿಂದಾಚೆಗೆ ಯಾರೂ ಅವರ ಹತ್ತಿರ ಬರಲಿಲ್ಲ. 50.39, ಒಲಿಂಪಿಕ್ ದಾಖಲೆ. 2008ರಲ್ಲಿ ಫೆಲ್ಪ್ಸ್ ಬರೆದಿದ್ದ 50.58 ಅಳಿಸಿಹೋಯಿತು. ಎರಡನೇ ಸ್ಥಾನದಲ್ಲಿ ಫೆಲ್ಪ್ಸ್, ಲೆ ಕ್ಲೊ, ಚೆ ಮೂವರೂ 51.14ರಲ್ಲಿ ಒಟ್ಟಿಗೆ ಗೋಡೆ ಮುಟ್ಟಿ ಮೂರು ಬೆಳ್ಳಿ ಹಂಚಿಕೊಂಡರು. ಮುಕ್ಕಾಲು ಸೆಕೆಂಡಿನ ಅಂತರ. ನೂರು ಮೀಟರ್ ಸ್ಪರ್ಧೆಯಲ್ಲಿ ಇದು ಹಿರಿದಾದ ಅಂತರ.

ಸಿಂಗಪುರದಲ್ಲಿ ಸಂಸತ್ತು ಅವರನ್ನು ಅಭಿನಂದಿಸಿತು, ತೆರೆದ ಬಸ್ಸಿನಲ್ಲಿ ಮೆರವಣಿಗೆ ನಡೆಯಿತು. ಅಲ್ಲಿನ ಒಲಿಂಪಿಕ್ ಮಂಡಳಿಯ ಯೋಜನೆಯಡಿ ಚಿನ್ನಕ್ಕೆ ಹತ್ತು ಲಕ್ಷ ಸಿಂಗಪುರ ಡಾಲರ್ ಬಹುಮಾನ. ಅಂದಿನ ದರದಲ್ಲಿ ಸುಮಾರು ಐದು ಕೋಟಿ ರೂಪಾಯಿ. ಅದರ ಶೇಕಡಾ 20 ಭಾಗ ಈಜು ಸಂಸ್ಥೆಗೆ ಹೋಗಬೇಕೆಂಬ ಕಟ್ಟಳೆಯಿತ್ತು.

ಇಲ್ಲಿ ಕಾಲೇಜು ನಿಯಮ ಮತ್ತೆ ಎದುರಾಗುತ್ತದೆ. ಆಗ ಎನ್‌ಸಿಎಎ ಈಜುಗಾರರು ಹವ್ಯಾಸಿಗಳಾಗಿದ್ದರು. ಬಹುಮಾನ, ಜಾಹೀರಾತು, ಪ್ರಾಯೋಜಕರ ಹಣ ಯಾವುದನ್ನೂ ಮುಟ್ಟುವಂತಿರಲಿಲ್ಲ. ಅಮೆರಿಕದ ಕ್ರೀಡಾಪಟುಗಳಿಗೆ ತಮ್ಮ ಒಲಿಂಪಿಕ್ ಸಮಿತಿಯ ಪದಕ ಬಹುಮಾನ ಪಡೆಯಲು 2001ರಿಂದಲೇ ವಿನಾಯಿತಿ ಇತ್ತು. ವಿದೇಶಿ ವಿದ್ಯಾರ್ಥಿಗಳಿಗೆ ಆ ಹಕ್ಕು ಸಿಕ್ಕಿದ್ದು 2015ರಲ್ಲಿ. ರಿಯೊ ಎರಡು ವರ್ಷ ಮುಂಚೆ ನಡೆದಿದ್ದರೆ ಸ್ಕೂಲಿಂಗ್ ಬಹುಮಾನವನ್ನೋ ಕಾಲೇಜು ತಂಡವನ್ನೋ ಬಿಡಬೇಕಾಗುತ್ತಿತ್ತು. ಬಹುಮಾನ ಪಡೆದರೂ ಜಾಹೀರಾತಿನ ಬಾಗಿಲು ಮುಚ್ಚಿಯೇ ಇತ್ತು. ಒಲಿಂಪಿಕ್ ಚಾಂಪಿಯನ್‌ನ ಬೆಲೆ ಅತಿ ಹೆಚ್ಚಿರುವುದು ಗೆದ್ದ ಮೊದಲ ವರ್ಷ. ಆ ವರ್ಷ ಮತ್ತು ಅದರ ಮರುವರ್ಷ ಅವರು ಆಸ್ಟಿನ್‌ಗೆ ಮರಳಿ ಉಳಿದ ವಿದ್ಯಾರ್ಥಿಗಳಂತೆ ತಂಡಕ್ಕಾಗಿ ಈಜಿದರು. ದುಡ್ಡಿನ ಹಿಂದೆ ಬಿದ್ದವನು ಎಂದು ಆಮೇಲೆ ಅವರನ್ನು ಜರೆದವರು ಈ ಸಂಗತಿಯನ್ನು ಮರೆತಿದ್ದರು.

ಇಳಿಜಾರು

2017ರ ಮಾರ್ಚ್‌ನ ಕಾಲೇಜು ಕೂಟದಲ್ಲಿ 100 ಗಜ ಬಟರ್‌ಫ್ಲೈನಲ್ಲಿ ಸ್ಕೂಲಿಂಗ್ ಎರಡನೆಯವರಾದರು. ಗೆದ್ದವರು ಫ್ಲಾರಿಡಾ ವಿಶ್ವವಿದ್ಯಾಲಯದ ಕೇಲಬ್ ಡ್ರೆಸೆಲ್, 43.58 ಸೆಕೆಂಡ್. ಸ್ಕೂಲಿಂಗ್ ಸಮಯ 43.75, ಅದು ಅವರ ಕಳಪೆ ಈಜೇನೂ ಆಗಿರಲಿಲ್ಲ. 200 ಗಜದಲ್ಲಿ ಮಾತ್ರ ಫೈನಲ್ ತಲುಪಲಿಲ್ಲ. ಡ್ರೆಸೆಲ್ ಅವರಿಗೆ ಹೊಸಬರಲ್ಲ. ಜಾಕ್ಸನ್‌ವಿಲ್‌ನಲ್ಲಿ ಲೋಪೆಜ್ ಕೈಕೆಳಗೆ ಬೋಲ್ಸ್ ಕ್ಲಬ್‌ನಲ್ಲೇ ಪಳಗಿದವರು. ಡ್ರೆಸೆಲ್ ಈಜುತ್ತಿದ್ದ ಫ್ಲಾರಿಡಾ ತಂಡದ ಕೋಚ್‌ಗಳಲ್ಲಿ ಒಬ್ಬರು ಆಂಟನಿ ನೆಸ್ಟಿ, ಸಿಯೋಲ್‌ನ ಅದೇ ನೆಸ್ಟಿ. ಅಮೆರಿಕದ ಕಾಲೇಜು ಈಜು ಎಷ್ಟು ಸಣ್ಣ ಜಗತ್ತು ಎಂಬುದು ಇಂಥಲ್ಲಿ ತಿಳಿಯುತ್ತದೆ.

ಆ ಬೇಸಿಗೆಯ ಬುಡಾಪೆಸ್ಟ್ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಡ್ರೆಸೆಲ್ 49.86, ಹಂಗೆರಿಯ ಕ್ರಿಸ್ಟೋಫ್ ಮಿಲಾಕ್ 50.62, ಸ್ಕೂಲಿಂಗ್ ಮತ್ತು ಬ್ರಿಟನ್ನಿನ ಜೇಮ್ಸ್ ಗೈ 50.83ರಲ್ಲಿ ಕಂಚು ಹಂಚಿಕೊಂಡರು. 50.83 ಎಂದರೆ ರಿಯೊ ಬಿಟ್ಟು ಯಾವ ದೊಡ್ಡ ಕೂಟದ ಫೈನಲ್‌ನಲ್ಲೂ ಅವರು ಅಷ್ಟು ವೇಗವಾಗಿ ಈಜಿರಲಿಲ್ಲ. ಅವರು ಕೆಳಗೆ ಬಿದ್ದದ್ದಕ್ಕಿಂತ ಉಳಿದವರು ಮೇಲೆ ಏರಿದ್ದೇ ಆ ವರ್ಷದ ನಿಜ. 2018ರಲ್ಲಿ ಜಕಾರ್ತ ಏಷ್ಯನ್ ಕ್ರೀಡಾಕೂಟದಲ್ಲಿ 50 ಮತ್ತು 100 ಮೀಟರ್ ಬಟರ್‌ಫ್ಲೈ ಎರಡೂ ಚಿನ್ನ, 100ರಲ್ಲಿ 51.04.

ನಿಜವಾದ ಇಳಿತ ಶುರುವಾದದ್ದು ಕಾಲೇಜು ಮುಗಿದ ಮೇಲೆ. ಅಲ್ಲಿಯವರೆಗೆ ಸೆಪ್ಟೆಂಬರ್‌ನಿಂದ ಮಾರ್ಚ್‌ವರೆಗೆ ಕಾಲೇಜು ಋತು, ಏಪ್ರಿಲ್‌ನಿಂದ ಆಗಸ್ಟ್‌ವರೆಗೆ ದೊಡ್ಡ ಕೊಳದ ತಯಾರಿ ಎಂದು ವರ್ಷಕ್ಕೆ ಒಂದು ಗತಿ ಇತ್ತು. ಕೂಟಕ್ಕೆ ಎರಡು ಮೂರು ವಾರ ಮುಂಚೆ ತಾಲೀಮಿನ ಹೊರೆ ಇಳಿಸಿ ಮೈಯನ್ನು ಹಗುರ ಮಾಡುವ ಕ್ರಮವನ್ನು ಈಜುಗಾರರು ಟೇಪರ್ ಎನ್ನುತ್ತಾರೆ. ಯಾರಿಗೆ ಎಷ್ಟು ದಿನ ಬೇಕು ಎಂಬುದನ್ನು ಕೋಚ್ ವರ್ಷಗಳ ಒಡನಾಟದಿಂದ ಅರಿತಿರುತ್ತಾನೆ. ವೃತ್ತಿಪರರಾಗಿ ಸಿಂಗಪುರದ ರಾಷ್ಟ್ರೀಯ ತರಬೇತಿ ಕೇಂದ್ರಕ್ಕೆ ಮರಳಿದಾಗ ಕೋಚ್ ಬೇರೆ, ಜೊತೆಗಾರರು ಬೇರೆ; ಸಾಲದ್ದಕ್ಕೆ ಊರಿನಲ್ಲಿ ಎಲ್ಲರಿಗೂ ಬೇಕಾದ ಮುಖ ಅವರದು. 2019ರ ಗ್ವಾಂಗ್ಜು ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಅವರು ಸೆಮಿಫೈನಲ್ ಕೂಡ ತಲುಪಲಿಲ್ಲ. ಮತ್ತೆ ಲೋಪೆಜ್ ಅವರನ್ನು ಹುಡುಕಿಕೊಂಡು ಅವರು ಕೋಚ್ ಆಗಿದ್ದ ವರ್ಜೀನಿಯಾ ಟೆಕ್‌ಗೆ ಹೋದರು. ಅಷ್ಟರಲ್ಲಿ ಕೋವಿಡ್ ಬಂತು, ಒಲಿಂಪಿಕ್ಸ್ ಒಂದು ವರ್ಷ ಮುಂದಕ್ಕೆ ಹೋಯಿತು. ತಂದೆ ಕಾಲಿನ್ ಗಂಭೀರ ಕಾಯಿಲೆಯಲ್ಲಿದ್ದರು. 2021ರ ಜುಲೈನಲ್ಲಿ ಟೋಕಿಯೊದ ಆ 53.12 ಬಂದದ್ದು ಈ ಹೊತ್ತಿನಲ್ಲಿ. ಸ್ಪರ್ಧೆಯಲ್ಲಿ ಒಟ್ಟು 44ನೇ ಸ್ಥಾನ. ಅದೇ ಕೂಟದಲ್ಲಿ ಡ್ರೆಸೆಲ್ 49.45ರ ವಿಶ್ವದಾಖಲೆಯೊಂದಿಗೆ ಗೆದ್ದರು. ನವೆಂಬರ್‌ನಲ್ಲಿ ಕಾಲಿನ್ ತೀರಿಕೊಂಡರು.

ಟೋಕಿಯೊ ಆದ ಮೇಲೆ ಸಾಮಾಜಿಕ ಜಾಲತಾಣಗಳಲ್ಲಿ ಬಂದ ಮಾತುಗಳು ಕ್ರೂರವಾಗಿದ್ದವು. ಅದಕ್ಕೂ ಮುಂಚೆ ವರ್ಷಗಟ್ಟಲೆ ಅವರ ಮೈತೂಕ ಸಾರ್ವಜನಿಕ ಚರ್ಚೆಯ ವಸ್ತುವಾಗಿತ್ತು. ಇಪ್ಪತ್ತೊಂದಕ್ಕೇ ದೇಶದ ಕನಸನ್ನು ನನಸು ಮಾಡಿದ ಹುಡುಗನೊಬ್ಬನಿಂದ ಜನ ಅದನ್ನೇ ಮತ್ತೆ ಮತ್ತೆ ಬಯಸಿದರು. ನನಗೆ ಇದು ನೋವು ತರುವ ಭಾಗ. 2022ರ ಜನವರಿಯಲ್ಲಿ ಅವರು, ರಿಯೊ ನಂತರವೂ ಮುಂದೂಡುತ್ತಾ ಬಂದಿದ್ದ ಸೇನಾ ಸೇವೆಗೆ ಸೇರಿದರು. ಮೇ ತಿಂಗಳಲ್ಲಿ ಹನೋಯ್‌ನ ಆಗ್ನೇಯ ಏಷ್ಯಾ ಕ್ರೀಡಾಕೂಟದಲ್ಲಿ 100 ಮೀಟರ್ ಬಟರ್‌ಫ್ಲೈ ಚಿನ್ನ ಗೆದ್ದರು. ಆಗಸ್ಟ್‌ನಲ್ಲಿ, ವಿದೇಶದಲ್ಲಿದ್ದಾಗ ಗಾಂಜಾ ಸೇವಿಸಿದ್ದನ್ನು ಒಪ್ಪಿಕೊಂಡು ಕ್ಷಮೆ ಕೇಳಿದರು. ತರಬೇತಿ ಮತ್ತು ಕೂಟಗಳಿಗೆ ಸೇನೆ ಕೊಡುವ ರಜೆ ನಿಂತುಹೋಯಿತು. 2024ರ ಏಪ್ರಿಲ್ 2ರಂದು, ಇಪ್ಪತ್ತೆಂಟನೇ ವಯಸ್ಸಿನಲ್ಲಿ, ನಿವೃತ್ತಿ ಘೋಷಿಸಿದರು.

ಬೆಂಗಳೂರಿನಿಂದ ನೋಡಿದಾಗ

ಬಸವನಗುಡಿಯ ಈಜುಕೊಳದ ಕಟ್ಟೆಯ ಮೇಲೆ ಬೆಳಗಿನ ಜಾವ ಟವೆಲ್, ನೀರಿನ ಬಾಟಲಿ ಹಿಡಿದು ಕೂರುವ ತಾಯಿತಂದೆಯರಿಗೆ ಈ ಪ್ರಕರಣ ದೂರದ್ದಲ್ಲ. ದೇಶದ ಈಜಿಗೆ ಬೆಂಗಳೂರು ಕೊಟ್ಟಷ್ಟು ಹೆಸರುಗಳನ್ನು ಬೇರೆ ಊರು ಕೊಟ್ಟಿದ್ದು ಕಡಿಮೆ. ಸಿಡ್ನಿ ಒಲಿಂಪಿಕ್ಸ್‌ಗೆ ಹೋದ ನಿಶಾ ಮಿಲ್ಲೆಟ್, ಅಥೆನ್ಸ್‌ಗೆ ಹೋದ ಶಿಖಾ ಟಂಡನ್ ಇಲ್ಲಿಯವರು. ಶಿಖಾ ಓದಲು ಅಮೆರಿಕಕ್ಕೆ ಹೋದದ್ದು ಒಲಿಂಪಿಕ್ಸ್ ಆದ ಮೇಲೆ. ಟೋಕಿಯೊಗೆ ನೇರ ಪ್ರವೇಶ ಕೊಡುವ ‘ಎ’ ಅರ್ಹತಾ ಸಮಯ ಈಜಿ ಹೋದ ಶ್ರೀಹರಿ ನಟರಾಜ್ ಬೆಳೆದದ್ದು ಇಲ್ಲಿನ ಕೊಳಗಳಲ್ಲಿ. ಹದಿನಾಲ್ಕಕ್ಕೇ ಪ್ಯಾರಿಸ್ ತಲುಪಿದ ಧಿನಿಧಿ ದೇಸಿಂಗು ಕೂಡ ಈ ಊರಿನ ಹುಡುಗಿ. ಇಲ್ಲಿ ಕಡ್ಡಾಯ ಸೇನಾ ಸೇವೆಯಿಲ್ಲ. ಅದರ ಜಾಗದಲ್ಲಿ ಎಸ್‌ಎಸ್‌ಎಲ್‌ಸಿ, ಪಿಯುಸಿ, ಪ್ರವೇಶ ಪರೀಕ್ಷೆ ಕೂತಿವೆ. ಸ್ಕೂಲಿಂಗ್‌ಗೆ ಹದಿನೆಂಟರಲ್ಲಿ ಬಂದ ತಡೆ ಇಲ್ಲಿನ ಮಕ್ಕಳಿಗೆ ಹದಿನೈದರಲ್ಲೇ ಬರುತ್ತದೆ. ಅದನ್ನು ಮುಂದೂಡಲು ಮನವಿ ಕೊಡುವ ಕಚೇರಿಯೂ ಇಲ್ಲ.

ಅಮೆರಿಕದ ಕಾಲೇಜು ತಂಡದತ್ತ ನೋಡುತ್ತಿರುವ ಮನೆಗಳಿಗೆ ಈ ಪ್ರಕರಣದಿಂದ ತೆಗೆದುಕೊಳ್ಳಬೇಕಾದ ಕೆಲವು ಒರಟು ಸತ್ಯಗಳಿವೆ. ಸ್ಕೂಲಿಂಗ್ ಕಾಲದ ನಿಯಮದಂತೆ ಪುರುಷರ ಈಜು ತಂಡವೊಂದಕ್ಕೆ ಒಟ್ಟು 9.9 ಪೂರ್ಣ ವಿದ್ಯಾರ್ಥಿವೇತನ ಮಾತ್ರ. ಅದನ್ನು ಇಡೀ ತಂಡಕ್ಕೆ ಹಂಚಬೇಕು. ‘ಸ್ಕಾಲರ್‌ಷಿಪ್ ಸಿಕ್ಕಿದೆ’ ಎಂದರೆ ಎಲ್ಲವೂ ಉಚಿತ ಎಂದಲ್ಲ, ಕಾಲುಭಾಗವೂ ಇರಬಹುದು. ಈಗ ಆ ಮಿತಿ ತೆಗೆದು ಅದರ ಬದಲು ತಂಡದ ಸಂಖ್ಯೆಗೇ ಮಿತಿ ಹಾಕುವ ಕಡೆಗೆ ದೊಡ್ಡ ವಿಶ್ವವಿದ್ಯಾಲಯಗಳು ಹೊರಳಿವೆ. ಜಾಗ ಕಡಿಮೆಯಾದರೆ ಹೊರದೇಶದ ಮಧ್ಯಮ ದರ್ಜೆಯ ಈಜುಗಾರನಿಗೆ ಬಾಗಿಲು ಇನ್ನಷ್ಟು ಕಿರಿದಾಗುತ್ತದೆ. 2021ರಿಂದ ಕಾಲೇಜು ಆಟಗಾರರು ತಮ್ಮ ಹೆಸರಿನಿಂದ ಹಣ ಗಳಿಸಬಹುದು. ಆದರೆ ವಿದ್ಯಾರ್ಥಿ ವೀಸಾದಲ್ಲಿರುವವರಿಗೆ ದುಡಿಮೆಯ ನಿರ್ಬಂಧಗಳಿರುವುದರಿಂದ ಆ ಭಾಗ್ಯ ಸುಲಭವಾಗಿ ದಕ್ಕುವುದಿಲ್ಲ.

ಕೋಚ್‌ನೊಂದಿಗೆ ಮಾತನಾಡುವಾಗ ಕೊಳದ ಚೆಂದ, ಹಾಸ್ಟೆಲಿನ ಊಟ ಕೇಳುವುದರ ಜೊತೆಗೆ ಇವನ್ನೂ ಕೇಳಿ: ನಮ್ಮ ಮಗನ ಅಥವಾ ಮಗಳ ಸ್ಪರ್ಧೆಯಲ್ಲಿ ನಿಮ್ಮ ತಂಡದಲ್ಲಿ ಈಗ ಎಷ್ಟು ಮಂದಿ ಇದ್ದಾರೆ, ಅವರ ಸಮಯವೆಷ್ಟು? ವರ್ಷದಲ್ಲಿ ಎಷ್ಟು ತಿಂಗಳು 50 ಮೀಟರ್ ಕೊಳದಲ್ಲಿ ತಾಲೀಮು? ಮಾರ್ಚ್‌ನ ಕೂಟ ಮತ್ತು ನಮ್ಮ ದೇಶದ ಆಯ್ಕೆ ಕೂಟ ಎರಡರಲ್ಲಿ ಯಾವುದಕ್ಕೆ ಟೇಪರ್? ನಾಲ್ಕು ವರ್ಷ ಮುಗಿದ ಮೇಲೆ ನಿಮ್ಮಲ್ಲೇ ಉಳಿದು ಈಜಬಹುದೇ, ಆಗ ಖರ್ಚು ಯಾರದು? ನನ್ನ ಮಟ್ಟಿಗೆ ಕೊನೆಯದೇ ಎಲ್ಲಕ್ಕಿಂತ ಮುಖ್ಯ. ಆ ಪ್ರಶ್ನೆಗೆ ಉತ್ತರ ಕೊಡಬೇಕಾದವರು ಕೋಚ್ ಒಬ್ಬರೇ ಅಲ್ಲ, ಈಜುಗಾರನ ದೇಶದ ಕ್ರೀಡಾ ಇಲಾಖೆ ಮತ್ತು ಈಜು ಫೆಡರೇಷನ್ ಕೂಡ ಹೌದು. ಹೊರಡುವ ಮುಂಚೆಯೇ ಅದನ್ನು ಬರಹದಲ್ಲಿ ಕೇಳಿ ಪಡೆಯುವುದು ಒಳ್ಳೆಯದು.